ಮಂಗಳೂರಿನಲ್ಲಿ ರೈಲು ಇಳಿದ ಮೇಲೆ ಬಸ್ಸು ಎಲ್ಲಿ? ಸೆಂಟ್ರಲ್, ಜಂಕ್ಷನ್, ಬಿಜೈ, ಸ್ಟೇಟ್ ಬ್ಯಾಂಕ್ ನಾಲ್ಕೂ ನಾಲ್ಕು ಕಡೆ

ಪಡೀಲ್ ನಿವಾಸಿ

ತುಂಬಾ ಸಮಯದಿಂದ ಕೇಳಬೇಕು ಅಂತ ಇದ್ದೆ. ಮಂಗಳೂರಿಗೆ ರೈಲು ಕಡಿಮೆ ಅಂತ ನಾನು ಹೇಳುವುದಿಲ್ಲ. ಕೇರಳದಿಂದ ಬರುತ್ತದೆ, ಮುಂಬೈ–ಗೋವಾ ಕಡೆಯಿಂದ ಬರುತ್ತದೆ, ಘಾಟಿ ಇಳಿದು ಬೆಂಗಳೂರಿನಿಂದಲೂ ಬರುತ್ತದೆ. ವಂದೇ ಭಾರತ್ ಕೂಡ ಉಂಟು, ಮಡಗಾಂವ್‌ಗೆ ಒಂದು, ತಿರುವನಂತಪುರಕ್ಕೆ ಒಂದು. ನನ್ನ ಪ್ರಶ್ನೆ ರೈಲಿನದ್ದಲ್ಲ, ಇಳಿದ ಮೇಲಿನದ್ದು.

ಸೆಂಟ್ರಲ್ ರೈಲು ಸ್ಟೇಷನ್ ಇರುವುದು ಹಂಪನಕಟ್ಟೆಯ ಹತ್ತಿರ. ಜಂಕ್ಷನ್ ಸ್ಟೇಷನ್ ಪಡೀಲಿನಲ್ಲಿ. ಕೆಎಸ್‌ಆರ್‌ಟಿಸಿ ನಿಲ್ದಾಣ ಬಿಜೈಯಲ್ಲಿ. ಖಾಸಗಿ ಬಸ್ಸುಗಳು ಸ್ಟೇಟ್ ಬ್ಯಾಂಕ್ ಅನ್ನುವ ಬಸ್ ಸ್ಟ್ಯಾಂಡಿನಲ್ಲಿ. ಹೊಸದಾಗಿ ಬಂದವರಿಗೆ ಇಷ್ಟನ್ನು ವಿವರಿಸುವಷ್ಟರಲ್ಲಿ ಸಾಕುಸಾಕಾಗುತ್ತದೆ. ಮುಂಬೈ ರೈಲಿನಲ್ಲಿ ಜಂಕ್ಷನ್‌ಗೆ ಬಂದವರು ಧರ್ಮಸ್ಥಳಕ್ಕೆ ಹೋಗಬೇಕಾದರೆ ಬಿಜೈಗೆ ಹೋಗಬೇಕು, ಮೂಡುಬಿದಿರೆಗೆ ಹೋಗಬೇಕಾದರೆ ಸ್ಟೇಟ್ ಬ್ಯಾಂಕಿಗೆ.

ರೈಲು ಬೆಳಗಿನ ಜಾವ ಬಂದರೆ ಸಿಟಿ ಬಸ್ಸಿನ ಮಾತೇ ಇಲ್ಲ. ಕೈಯಲ್ಲಿ ಬ್ಯಾಗು, ಪಕ್ಕದಲ್ಲಿ ವಯಸ್ಸಾದ ಅಮ್ಮ, ಹೊರಗೆ ಜೋರು ಮಳೆ ಇದ್ದರೆ ಆಟೋದವರು ಕೇಳಿದಷ್ಟು ಕೊಡಲೇಬೇಕು.

ರೈಲಿನ ಸಮಯ ನೋಡಿಕೊಂಡು ಎರಡೂ ಸ್ಟೇಷನ್ ಮುಟ್ಟಿ, ಬಿಜೈಗೂ ಸ್ಟೇಟ್ ಬ್ಯಾಂಕಿಗೂ ಹೋಗುವ ಬಸ್ಸು ಹಾಕಲು ಎಂತ ಕಷ್ಟ? ಗೊತ್ತಿದ್ದವರು ಹೇಳಿ.

ಪುತ್ತೂರು ಪ್ಯಾಸೆಂಜರ್

ಧರ್ಮಸ್ಥಳಕ್ಕೆ ಬಿಜೈವರೆಗೆ ಯಾಕೆ ಹೋಗುವುದು ಮಾರಾಯ್ರೆ? ಬಿಜೈಯಿಂದ ಹೊರಟ ಬಸ್ಸು ಪಡೀಲ್ ಮೇಲೆಯೇ ಬಿ.ಸಿ. ರೋಡಿಗೆ ಹೋಗುವುದು. ಜಂಕ್ಷನ್‌ನಿಂದ ಮೇನ್ ರೋಡಿಗೆ ಬಂದು ನಿಂತರೆ ಆಯಿತು.

ಪಡೀಲ್ ನಿವಾಸಿ

ನಮಗೆ ಗೊತ್ತುಂಟು, ಮುಂಬೈಯಿಂದ ಬಂದವರಿಗೆ ಯಾರು ಹೇಳುತ್ತಾರೆ? ಸ್ಟೇಷನ್ ಹೊರಗೆ ಒಂದು ಬೋರ್ಡ್ ಆದರೂ ಬೇಡವಾ? "ಧರ್ಮಸ್ಥಳ, ಪುತ್ತೂರು, ಸುಳ್ಯ ಬಸ್ಸಿಗೆ ಈ ಕಡೆ ನಡೆಯಿರಿ" ಅಂತ ಬಾಣದ ಗುರುತು ಹಾಕಿದರೆ ಸಾಕು. ಮೇನ್ ರೋಡಿನವರೆಗೆ ಸಾಮಾನು ಹೊತ್ತು ನಡೆಯುವುದು ಬೇರೆ ಕಥೆ.

ಕುಡ್ಲ ಬಸ್ಸು

ನಾನು ಬಸ್ಸಿನವರ ಮನೆಯ ಮಗ. ಅಪ್ಪ ಸಿಟಿ ಬಸ್ಸಿನಲ್ಲಿ ಕಂಡಕ್ಟರ್ ಆಗಿದ್ದರು. ಹಾಗಾಗಿ ಇದರ ಒಳಗಿನ ಲೆಕ್ಕ ಸ್ವಲ್ಪ ಗೊತ್ತು, ಹೇಳುತ್ತೇನೆ.

ಮಂಗಳೂರಿನಲ್ಲಿ ಸಿಟಿ ಬಸ್ಸು ಅಂದರೆ ಬಹುಪಾಲು ಖಾಸಗಿ. ಪ್ರತಿ ಬಸ್ಸಿಗೂ ಪರ್ಮಿಟ್ ಉಂಟು, ಯಾವ ರೂಟು, ಎಷ್ಟು ಗಂಟೆಗೆ ಹೊರಡಬೇಕು ಎಲ್ಲ ಅದರಲ್ಲೇ ಇರುತ್ತದೆ. ಅದನ್ನು ಕೊಡುವುದು ಜಿಲ್ಲಾಧಿಕಾರಿ ಅಧ್ಯಕ್ಷರಾಗಿರುವ ಪ್ರಾದೇಶಿಕ ಸಾರಿಗೆ ಪ್ರಾಧಿಕಾರ. ಅಂದರೆ ಬಸ್ಸಿನ ಮಾಲೀಕರು ಮನಸ್ಸು ಬಂದಾಗ ಬಸ್ಸನ್ನು ಜಂಕ್ಷನ್ ಕಡೆ ತಿರುಗಿಸಲು ಆಗುವುದಿಲ್ಲ.

ಎರಡನೆಯದ್ದು ಕಲೆಕ್ಷನ್. ಎಷ್ಟೋ ಬಸ್ಸುಗಳಲ್ಲಿ ಡ್ರೈವರ್, ಕಂಡಕ್ಟರ್ ಕೈಗೆ ಬರುವ ದುಡ್ಡು ಆ ದಿನದ ಕಲೆಕ್ಷನ್ ಮೇಲೆ ನಿಂತಿರುತ್ತದೆ. ಹಿಂದೆ ಮೂರು ನಿಮಿಷಕ್ಕೆ ಇನ್ನೊಂದು ಬಸ್ಸು ಬರುತ್ತಿರುವಾಗ ಮೇನ್ ರೋಡ್ ಬಿಟ್ಟು ಸ್ಟೇಷನ್ ಒಳಗೆ ಹೋಗಿ ಬಂದರೆ ಸ್ಟಾಪಿನಲ್ಲಿ ನಿಂತ ಜನರನ್ನೆಲ್ಲ ಹಿಂದಿನವನು ತುಂಬಿಸಿಕೊಂಡು ಹೋಗುತ್ತಾನೆ. ಒಳಗೆ ಹೋದಾಗ ರೈಲು ಬಂದಿರದಿದ್ದರೆ ಆ ಟ್ರಿಪ್ಪೇ ನಷ್ಟ. ಈ ಓಟ, ಈ ಹಾರ್ನು, "ದುಂಬು ಪೋಲೆ, ಪಿರವು ಪೋಲೆ" (ಮುಂದೆ ಹೋಗಿ, ಹಿಂದೆ ಹೋಗಿ) ಅಂತ ತುಳುವಿನಲ್ಲಿ ಕೂಗುವುದು, ಎಲ್ಲದರ ಬೇರು ಇಲ್ಲೇ ಇರುವುದು. ಜನ ಡ್ರೈವರನ್ನು ಬೈಯುತ್ತಾರೆ. ಅವನಿಗೆ ತಿಂಗಳ ಸಂಬಳ ಸರಿಯಾಗಿ ಕೊಟ್ಟು ನೋಡಿ, ಓಟ ತಾನಾಗಿಯೇ ಕಡಿಮೆ ಆಗುತ್ತದೆ.

ಸುರತ್ಕಲ್ ಶೆಡ್

ಹಾಗಂತ ಪೂರ್ತಿ ಬಿಟ್ಟುಬಿಡಲೂ ಆಗುವುದಿಲ್ಲ ಅಲ್ವಾ? ರಾತ್ರಿ ಕೊನೆಯ ಟ್ರಿಪ್ ಕಟ್ ಮಾಡುತ್ತಾರಲ್ಲ, ಅದಕ್ಕೆ ಎಂತ ಹೇಳುತ್ತೀರಿ? ಪರ್ಮಿಟ್ಟಿನಲ್ಲಿ ಟೈಮ್ ಉಂಟು, ಬಸ್ಸು ಇಲ್ಲ.

ಕುಡ್ಲ ಬಸ್ಸು

ಅದು ತಪ್ಪೇ. ನಾನು ಸಮರ್ಥನೆ ಮಾಡುತ್ತಿಲ್ಲ. ಟ್ರಿಪ್ ಕಟ್ ಮಾಡಿದವರ ಮೇಲೆ ಕ್ರಮ ಆಗಬೇಕು. ಆದರೆ ದೂರು ಕೊಡುವವರು ಯಾರು? ಅಷ್ಟು ಹೊತ್ತಿನಲ್ಲಿ ಸ್ಟಾಪಿನಲ್ಲಿ ನಿಂತವರು ಮನೆ ಮುಟ್ಟಿದರೆ ಸಾಕು ಅಂತ ಆಟೋ ಹತ್ತುತ್ತಾರೆ.

ವೆನ್ಲಾಕ್ ಪಕ್ಕ

ನಾನು ಆಸ್ಪತ್ರೆಯಲ್ಲಿ ಕೆಲಸ ಮಾಡುವವಳು. ಶಿಫ್ಟ್ ಮುಗಿಸಿ ರಾತ್ರಿ ಹೊರಗೆ ಬಂದರೆ ಹಂಪನಕಟ್ಟೆಯಲ್ಲಿ ಬಸ್ಸಿನ ಸುಳಿವೇ ಇರುವುದಿಲ್ಲ. ಒಂಬತ್ತೂವರೆ ದಾಟಿದರೆ ಈ ಊರಿನ ಬಸ್ಸು ಮಲಗಿತು ಅಂತಲೇ ಲೆಕ್ಕ. ಇಷ್ಟು ಆಸ್ಪತ್ರೆ, ಇಷ್ಟು ಕಾಲೇಜು, ಬಂದರು, ಕಾರ್ಖಾನೆ ಇರುವ ಊರು ಇದು. ರಾತ್ರಿ ಕೆಲಸ ಮಾಡುವವರು ನಾವು ಎಷ್ಟು ಜನ ಇದ್ದೇವೆ ಅಂತ ಯಾರಾದರೂ ಯೋಚಿಸಿದ್ದಾರಾ?

ರೋಗಿಗಳ ಕಡೆಯವರೂ ಹಾಗೆಯೇ. ಕಾಸರಗೋಡಿನ ಕಡೆಯಿಂದ ರೈಲಿನಲ್ಲಿ ಸೆಂಟ್ರಲ್‌ಗೆ ಬಂದರೆ ವೆನ್ಲಾಕ್ ಆಸ್ಪತ್ರೆಗೆ ನಡೆದೇ ಬರಬಹುದು. ಅದು ಪುಣ್ಯ. ಆದರೆ ಹಾಸನ, ಸಕಲೇಶಪುರದ ಕಡೆಯಿಂದ ಬಂದವರು ಜಂಕ್ಷನ್‌ನಲ್ಲಿ ಇಳಿದರೆ ಕಣ್ಣು ಬಾಯಿ ಬಿಡುತ್ತಾರೆ. ಕೈಯಲ್ಲಿ ಎಕ್ಸ್‌ರೇ ಕವರ್ ಹಿಡಿದುಕೊಂಡು ಯಾರ ಹತ್ತಿರ ಕೇಳುವುದು ಅಂತ ಗೊತ್ತಾಗದೆ ನಿಂತವರನ್ನು ನಾನೇ ನೋಡಿದ್ದೇನೆ.

ಬೆಂಗಳೂರಲ್ಲಿರುವ ಊರಿನವ

ಒಂದು ಮೂಲ ಪ್ರಶ್ನೆ. ಎರಡು ಸ್ಟೇಷನ್ ಯಾಕೆ ಬೇಕು? ಎಲ್ಲ ರೈಲನ್ನೂ ಸೆಂಟ್ರಲ್‌ಗೆ ತಂದರೆ ಮುಗಿಯಿತಲ್ಲ.

ಹಳಿ ಪಕ್ಕದ ಮನೆ

ಆಗುವುದಿಲ್ಲ. ಸೆಂಟ್ರಲ್‌ನಲ್ಲಿ ಹಳಿ ಮುಗಿಯುತ್ತದೆ, ಮುಂದೆ ದಾರಿ ಇಲ್ಲ. 1907ರಲ್ಲಿ ಕೇರಳದ ಕಡೆಯಿಂದ ರೈಲು ಬಂದಾಗ ಮಂಗಳೂರು ಕೊನೆಯ ಊರು. ಆಗ ಉತ್ತರಕ್ಕೂ ಪೂರ್ವಕ್ಕೂ ಹಳಿಯೇ ಇರಲಿಲ್ಲ. ಹಾಗಾಗಿ ಊರ ನಡುವೆ ತಂದು ನಿಲ್ಲಿಸಿದರು. ಆಮೇಲೆ ಹಾಸನದ ಲೈನು ಬಂತು, 1998ರಲ್ಲಿ ಕೊಂಕಣ ರೈಲ್ವೆ ಪೂರ್ತಿ ಆಯಿತು. ಈಗ ಮುಂಬೈಯಿಂದ ಎರ್ನಾಕುಳಂಗೆ ಹೋಗುವ ರೈಲು ಸೆಂಟ್ರಲ್‌ಗೆ ಬರಬೇಕಾದರೆ ಒಳಗೆ ಬಂದು, ಎಂಜಿನ್ ಬಿಚ್ಚಿ, ಇನ್ನೊಂದು ತುದಿಗೆ ಕಟ್ಟಿ, ಬಂದ ದಾರಿಯಲ್ಲೇ ವಾಪಸ್ ಹೋಗಬೇಕು. ಬೆಂಗಳೂರು–ಕಣ್ಣೂರು ರೈಲು ಸೆಂಟ್ರಲ್‌ನಲ್ಲಿ ಮಾಡುವುದು ಇದನ್ನೇ. ರಾತ್ರಿ ಅದರಲ್ಲಿ ಹೋದವರಿಗೆ ಗೊತ್ತು, ಎಷ್ಟು ಹೊತ್ತು ನಿಲ್ಲುತ್ತದೆ ಅಂತ.

ಹಾಗಾಗಿ ನೇತ್ರಾವತಿ, ಮಂಗಳಾ ಎಕ್ಸ್‌ಪ್ರೆಸ್ ಎಲ್ಲ ಜಂಕ್ಷನ್ ಮೇಲೆಯೇ ಹೋಗುತ್ತವೆ. ಇದು ಬದಲಾಗುವ ವಿಷಯ ಅಲ್ಲ. ಎರಡೂ ಸ್ಟೇಷನ್ ಇರುತ್ತವೆ. ನಡುವೆ ಬಸ್ಸು ಬೇಕು, ಅಷ್ಟೇ.

ಸುರತ್ಕಲ್ ಶೆಡ್

ಹಿಂದೆ ಸೆಂಟ್ರಲ್‌ನಲ್ಲಿ ಪ್ಲಾಟ್‌ಫಾರ್ಮ್ ಖಾಲಿ ಇಲ್ಲ ಅಂತ ರೈಲುಗಳನ್ನು ಹೊರಗೆ ನಿಲ್ಲಿಸುತ್ತಿದ್ದರು. ನೇತ್ರಾವತಿ ಕ್ಯಾಬಿನ್ ಅನ್ನುವ ಸಿಗ್ನಲ್ ಜಾಗದ ಹತ್ತಿರ ನಿಂತಾಗ ಊರು ಕಣ್ಣಿಗೆ ಕಾಣುತ್ತಿತ್ತು, ಇಳಿಯಲು ಆಗುತ್ತಿರಲಿಲ್ಲ. 4 ಮತ್ತು 5ನೇ ಪ್ಲಾಟ್‌ಫಾರ್ಮ್ ಆದ ಮೇಲೆ ಎಷ್ಟೋ ಸುಧಾರಿಸಿದೆ.

ಹಳಿ ಪಕ್ಕದ ಮನೆ

ಇನ್ನೊಂದು ದೊಡ್ಡ ತೊಡಕು ಆಡಳಿತದ್ದು. ಸೆಂಟ್ರಲ್, ಜಂಕ್ಷನ್ ಎರಡೂ ದಕ್ಷಿಣ ರೈಲ್ವೆಯ ಪಾಲಕ್ಕಾಡ್ ವಿಭಾಗದ ಕೈಯಲ್ಲಿವೆ. ಪಡೀಲ್ ದಾಟಿ ಬಂಟ್ವಾಳ, ಪುತ್ತೂರಿನ ಕಡೆ ಹೋದರೆ ನೈಋತ್ಯ ರೈಲ್ವೆಯ ಮೈಸೂರು ವಿಭಾಗ. ಉತ್ತರಕ್ಕೆ ತೋಕೂರಿನಿಂದ ಕೊಂಕಣ ರೈಲ್ವೆ. ದೊಡ್ಡ ಆಫೀಸು ಒಂದು ಚೆನ್ನೈಯಲ್ಲಿ, ಒಂದು ಹುಬ್ಬಳ್ಳಿಯಲ್ಲಿ, ಒಂದು ನವಿ ಮುಂಬೈಯಲ್ಲಿ. ಉಡುಪಿಯಿಂದ ಪುತ್ತೂರಿಗೆ ಒಂದು ಲೋಕಲ್ ರೈಲು ಬೇಕು ಅಂತಾದರೆ ಮೂವರೂ ಒಪ್ಪಬೇಕು. ಮೂರು ಮನೆಯಿಂದ ಊಟಕ್ಕೆ ಹೇಳಿಕೆ ಬಂದವನು ಉಪವಾಸ ಬಿದ್ದ ಹಾಗೆ ಆಗಿದೆ ನಮ್ಮ ಊರಿನ ಕಥೆ.

ಕುಂದಾಪುರದಿಂದ

ಮೂರು ವಲಯ ಅಂತ ಎಲ್ಲರೂ ಬರೆಯುತ್ತಾರೆ, ನೀವು ಆ ಶಬ್ದ ಹಾಕಲಿಲ್ಲ, ಒಳ್ಳೆಯದಾಯಿತು. ಕೊಂಕಣ ರೈಲ್ವೆ ವಲಯ ಅಲ್ಲ, ನಿಗಮ. 1990ರಲ್ಲಿ ಶುರುವಾದದ್ದು. ಕೇಂದ್ರದ ಜೊತೆ ಮಹಾರಾಷ್ಟ್ರ, ಗೋವಾ, ಕರ್ನಾಟಕ, ಕೇರಳ ರಾಜ್ಯಗಳ ಪಾಲು ಇದೆ. ಇದರಿಂದ ಆಗುವ ತೊಂದರೆ ಏನು ಅಂದರೆ, ಬೇರೆ ವಲಯಗಳ ಹಾಗೆ ಕೇಂದ್ರ ಬಜೆಟ್ಟಿನ ದುಡ್ಡು ಸಲೀಸಾಗಿ ಬರುವುದಿಲ್ಲ. ಕರೆಂಟ್ ಲೈನು 2022ಕ್ಕೆ ಪೂರ್ತಿ ಆಯಿತು, ಸಂತೋಷ. ಆದರೆ ನಮ್ಮ ಕರಾವಳಿಯಲ್ಲಿ ಇಂದಿಗೂ ಒಂದೇ ಹಳಿ. ಎದುರಿನಿಂದ ರೈಲು ಬಂದರೆ ಒಬ್ಬರು ಕಾಯಲೇಬೇಕು. ಅದಕ್ಕೇ ಭಾರತೀಯ ರೈಲ್ವೆಗೆ ಸೇರಿಸಿ ಅಂತ ನಾವು ಕೇಳುತ್ತಿರುವುದು.

ಇಂದ್ರಾಳಿ ಸೇತುವೆ

ಉಡುಪಿಯಿಂದ ದಿನಾ ಮಂಗಳೂರಿಗೆ ಹೋಗುವವರ ಕಷ್ಟವನ್ನೂ ಕೇಳಿ. ಹಳಿ ಉಂಟು, ಕರೆಂಟ್ ಉಂಟು, ಸ್ಟೇಷನ್ ಉಂಟು. ಬೆಳಿಗ್ಗೆ ಆಫೀಸಿನ ಹೊತ್ತಿಗೆ ಸರಿಯಾಗಿ ಮುಟ್ಟಿಸಿ, ಸಂಜೆ ವಾಪಸ್ ತಂದು ಬಿಡುವ ಲೋಕಲ್ ರೈಲು ಬೇಕು. ಬೆಂಗಳೂರು, ಮುಂಬೈಗೆ ಹೋಗುವ ರೈಲುಗಳ ಸಮಯ ನೋಡಿಕೊಂಡು ನಾವು ಕೆಲಸಕ್ಕೆ ಹೋಗಲು ಆಗುತ್ತದಾ?

ಹಾಗಾಗಿ ಎಲ್ಲರೂ ಎಕ್ಸ್‌ಪ್ರೆಸ್ ಬಸ್ಸು. ಹೆದ್ದಾರಿ 66ರಲ್ಲಿ ಅವು ಹೋಗುವ ವೇಗ ನೋಡಿದವರಿಗೆ ಗೊತ್ತು. ನನ್ನ ಹೆಂಡತಿ ಬಸ್ಸು ಹತ್ತಿದ ಮೇಲೆ ಮುಟ್ಟಿದೆ ಅಂತ ಫೋನ್ ಮಾಡುವವರೆಗೆ ನನಗೆ ಸಮಾಧಾನ ಇರುವುದಿಲ್ಲ.

ಕುಡ್ಲ ಬಸ್ಸು

ಎಕ್ಸ್‌ಪ್ರೆಸ್ ಬಸ್ಸು ವೇಗ ನಿಜ. ಆದರೆ ಮಣಿಪಾಲದಿಂದ ಮಂಗಳೂರಿಗೆ ಹತ್ತು ನಿಮಿಷಕ್ಕೆ ಒಂದು ಬಸ್ಸು ಸಿಗುವ ಸೌಕರ್ಯ ರಾಜ್ಯದಲ್ಲಿ ಬೇರೆ ಎಷ್ಟು ಊರಿಗೆ ಉಂಟು ಅಣ್ಣ? ಸ್ವಾತಂತ್ರ್ಯಕ್ಕೂ ಮೊದಲಿನಿಂದ ಸಿಪಿಸಿ, ಹನುಮಾನ್, ಶಂಕರ ವಿಠಲ ಅಂತ ಬಸ್ಸು ಓಡಿಸಿದ ಜಿಲ್ಲೆ ನಮ್ಮದು. ಸರ್ಕಾರ ಇಲ್ಲದ ಕಡೆ ಬಸ್ಸು ಮುಟ್ಟಿಸಿದ್ದು ಖಾಸಗಿಯವರು.

ಇಂದ್ರಾಳಿ ಸೇತುವೆ

ಅದನ್ನು ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಹಳೆಯ ಹೆಸರು ಹೇಳಿದರೆ ಇವತ್ತಿನ ವೇಗ ಕಡಿಮೆ ಆಗುವುದಿಲ್ಲವಲ್ಲ.

ಉಪ್ಪಳದ ಹುಡುಗಿ

ಪಾಲಕ್ಕಾಡ್ ವಿಭಾಗವನ್ನು ಬೈಯುವವರು ಒಂದು ವಿಷಯ ಮರೆಯುತ್ತಾರೆ. ಸೆಂಟ್ರಲ್‌ನಲ್ಲಿ ದಿನಾ ಇಳಿಯುವ ಜನ ಯಾರು? ಕಾಸರಗೋಡು, ಕುಂಬಳೆ, ಉಪ್ಪಳ, ಮಂಜೇಶ್ವರದವರು. ಕಾಲೇಜಿಗೆ, ಆಸ್ಪತ್ರೆಗೆ, ಅಂಗಡಿ ಕೆಲಸಕ್ಕೆ ಬರುವವರು. ನಮ್ಮ ಮನೆಯಲ್ಲಿ ಮಾತಾಡುವುದು ಕನ್ನಡ, ಬೀದಿಯಲ್ಲಿ ತುಳು, ಓದಿದ್ದು ಕನ್ನಡ ಶಾಲೆಯಲ್ಲಿ. ಕೇರಳದ ರೈಲು ಅಂತ ನೀವು ಹೇಳುವ ರೈಲಿನಲ್ಲಿ ಕೂತಿರುವವರು ನಾವೇ.

ಸೀಸನ್ ಟಿಕೆಟ್ ಮಾಡಿಸಿದರೆ ಬಸ್ಸಿಗಿಂತ ಎಷ್ಟೋ ಅಗ್ಗ. ಆದರೆ ಬೆಳಗ್ಗಿನ ರೈಲಿನಲ್ಲಿ ಬಾಗಿಲ ಹತ್ತಿರ ಒಂದು ಕಾಲು ಊರಲು ಜಾಗ ಸಿಕ್ಕಿದರೆ ದೊಡ್ಡದು. ಜನರಲ್ ಬೋಗಿ ಜಾಸ್ತಿ ಮಾಡಿ, ಹತ್ತಿರದ ಊರುಗಳಿಗೆ ಓಡುವ ಮೆಮು ರೈಲು ಜಾಸ್ತಿ ಮಾಡಿ. ಯಾವ ವಿಭಾಗ ಮಾಡಿದರೂ ನಮಗೆ ಅಡ್ಡಿ ಇಲ್ಲ.

ಹಳಿ ಪಕ್ಕದ ಮನೆ

ನಿಮ್ಮ ಮಾತು ಸರಿ ಅಕ್ಕ. ಆದರೂ ವಿಭಾಗದ ಪ್ರಶ್ನೆ ಸುಮ್ನೆ ಎತ್ತಿದ್ದಲ್ಲ. ಪ್ಲಾಟ್‌ಫಾರ್ಮ್ ಯಾರಿಗೆ ಕೊಡಬೇಕು, ಬೆಂಗಳೂರಿನ ಹೊಸ ರೈಲು ಸೆಂಟ್ರಲ್‌ಗೆ ಬರಬೇಕಾ ಜಂಕ್ಷನ್‌ಗೆ ಸಾಕಾ, ಪುತ್ತೂರು ಪ್ಯಾಸೆಂಜರ್ ಎಷ್ಟು ಹೊತ್ತಿಗೆ ಬಿಡಬೇಕು, ಎಲ್ಲದರಲ್ಲೂ ಪಾಲಕ್ಕಾಡ್ ಮತ್ತು ಮೈಸೂರು ಪರಸ್ಪರ ಕೇಳಿಕೊಳ್ಳಬೇಕು. ಮಂಗಳೂರಿಗೇ ಒಂದು ವಿಭಾಗ ಬಂದರೆ ಕಾಸರಗೋಡಿನ ನಿಮಗೂ ಅನುಕೂಲ. ಪಾಲಕ್ಕಾಡಿಗಿಂತ ಮಂಗಳೂರು ನಿಮಗೆ ಹತ್ತಿರ.

ಪುತ್ತೂರು ಪ್ಯಾಸೆಂಜರ್

ಪುತ್ತೂರಿನ ಪ್ಯಾಸೆಂಜರ್ ಹೆಸರು ಬಂದದ್ದಕ್ಕೆ ಹೇಳುತ್ತೇನೆ. 2025ರ ಏಪ್ರಿಲ್‌ನಲ್ಲಿ ಅದನ್ನು ಸುಬ್ರಹ್ಮಣ್ಯ ರೋಡ್‌ವರೆಗೆ ಮುಂದುವರಿಸಿದರು. ಎಷ್ಟು ವರ್ಷದ ಬೇಡಿಕೆ ಅದು! ಹಳಿ ಇತ್ತು, ರೈಲೂ ಇತ್ತು, ಪುತ್ತೂರಿಗೆ ಬಂದು ಸುಮ್ಮನೆ ನಿಲ್ಲುತ್ತಿತ್ತು. ಎಡಮಂಗಲ, ಕಾಣಿಯೂರಿನ ಮಕ್ಕಳಿಗೆ ಈಗ ಒಂದೇ ರೈಲಿನಲ್ಲಿ ಮಂಗಳೂರು. ಕೇಳುತ್ತಾ ಇದ್ದರೆ ಆಗುತ್ತದೆ ಅನ್ನುವುದಕ್ಕೆ ಇದೇ ಸಾಕ್ಷಿ.

ಇನ್ನು ಕುಕ್ಕೆಗೆ ಹೋಗುವವರಿಗೆ: ಸುಬ್ರಹ್ಮಣ್ಯ ರೋಡ್ ಸ್ಟೇಷನ್ ಇರುವುದು ನೆಟ್ಟಣದಲ್ಲಿ. ಇಳಿದ ತಕ್ಷಣ ದೇವಸ್ಥಾನ ಅಂದುಕೊಳ್ಳಬೇಡಿ, ಅಲ್ಲಿಂದ ಮತ್ತೆ ಜೀಪೋ ಬಸ್ಸೋ ಹಿಡಿಯಬೇಕು.

ಬೆಂಗಳೂರಲ್ಲಿರುವ ಊರಿನವ

ಬೆಂಗಳೂರು ರೈಲಿನ ಬಗ್ಗೆಯೂ ಯಾರಾದರೂ ಹೇಳಿ. ಬಸ್ಸು ಏಳೆಂಟು ಗಂಟೆಯಲ್ಲಿ ಮುಟ್ಟಿಸುತ್ತದೆ. ರೈಲು ಯಾಕೆ ಅಷ್ಟು ನಿಧಾನ? ಹಬ್ಬದ ಸಮಯದಲ್ಲಿ ಬಸ್ಸಿನ ಟಿಕೆಟ್ ರೇಟು ನೋಡಿದರೆ ಊರಿಗೆ ಬರುವುದೇ ಬೇಡ ಅನ್ನಿಸುತ್ತದೆ. ಹಗಲು ಒಂದು ವೇಗದ ರೈಲು ಇದ್ದರೆ ನನ್ನಂಥವರು ಬಸ್ಸಿನ ಕಡೆ ತಿರುಗಿಯೂ ನೋಡುವುದಿಲ್ಲ.

ನಿವೃತ್ತ ಮೇಷ್ಟ್ರು

ಘಾಟಿಯ ವಿಷಯ ಸ್ವಲ್ಪ ವಿವರವಾಗಿ ಬರೆಯುತ್ತೇನೆ, ಸಣ್ಣವರಿಗೆ ಹಿಂದಿನದ್ದು ಗೊತ್ತಿರಲಿಕ್ಕಿಲ್ಲ.

ಹಾಸನ–ಮಂಗಳೂರು ಲೈನು ಮೊದಲು ಮೀಟರ್‌ಗೇಜ್. 1979ರಲ್ಲಿ ಪೂರ್ತಿ ಆಯಿತು. ಬ್ರಾಡ್‌ಗೇಜ್ ಮಾಡುತ್ತೇವೆ ಅಂತ 1996ರಲ್ಲಿ ಘಾಟಿಯ ಲೈನು ಬಂದ್ ಮಾಡಿದರು. ಒಂದೆರಡು ವರ್ಷದಲ್ಲಿ ಆಗುತ್ತದೆ ಅಂತ ನಾವೆಲ್ಲ ನಂಬಿದ್ದೆವು. ಗೂಡ್ಸ್ ಗಾಡಿ ಬಿಟ್ಟದ್ದು 2006ರಲ್ಲಿ, ಜನರ ರೈಲು ಬಂದದ್ದು 2007ರ ಡಿಸೆಂಬರಿನಲ್ಲಿ. ಹನ್ನೊಂದು ವರ್ಷ ರಾಜಧಾನಿಗೂ ಈ ಕರಾವಳಿಗೂ ಘಾಟಿ ಮೇಲೆ ನೇರ ರೈಲು ಇರಲಿಲ್ಲ. ಒಂದು ತಲೆಮಾರಿನ ಮಕ್ಕಳು ಶಿರಾಡಿಯಲ್ಲಿ ರಾತ್ರಿ ಬಸ್ಸಿನಲ್ಲಿ ಓಲಾಡಿಕೊಂಡೇ ಬೆಂಗಳೂರಿಗೆ ಓದಲು ಹೋದರು. ಬಸ್ಸು ಬೆಳೆದದ್ದು ಆಗ. ರೈಲು ವಾಪಸ್ ಬರುವಷ್ಟರಲ್ಲಿ ಜನರಿಗೆ ಬಸ್ಸೇ ಅಭ್ಯಾಸ ಆಗಿಹೋಗಿತ್ತು.

ನಿಧಾನಕ್ಕೆ ಕಾರಣ ಕೇಳಿದಿರಿ. ಸಕಲೇಶಪುರದಿಂದ ಸುಬ್ರಹ್ಮಣ್ಯ ರೋಡ್‌ವರೆಗೆ 55 ಕಿ.ಮೀ. ಇಳಿಜಾರು 50 ಮೀಟರಿಗೆ ಒಂದು ಮೀಟರ್. ರೈಲಿಗೆ ಅದು ತುಂಬಾ ಕಡಿದು. 57 ಸುರಂಗ ಇವೆ, ಸೇತುವೆಗಳು ನೂರಕ್ಕೂ ಹೆಚ್ಚು. ಇಳಿಯುವಾಗ ಗಂಟೆಗೆ 30 ಕಿ.ಮೀ. ಆಸುಪಾಸು. ಹತ್ತುವಾಗ ಹಿಂದಿನಿಂದ ತಳ್ಳಲು ಎಂಜಿನ್ ಕಟ್ಟುತ್ತಾರೆ. ಸುಬ್ರಹ್ಮಣ್ಯ ರೋಡ್‌ನಲ್ಲಿ ನಿಂತಾಗ ಹಿಂದಿನ ಬೋಗಿಯಲ್ಲಿ ಕೂತವರಿಗೆ ಧಡ್ ಅಂತ ಒಂದು ಸಣ್ಣ ಹೊಡೆತ ಗೊತ್ತಾಗುತ್ತದೆ. ಅದು ಆ ಎಂಜಿನ್ ಬಂದು ಸೇರಿಕೊಂಡದ್ದು. ಈ 55 ಕಿ.ಮೀ.ಗೇ ಎರಡು ಗಂಟೆಗಿಂತ ಜಾಸ್ತಿ ಬೇಕು. ಅಲ್ಲಿ ವೇಗ ಕೇಳುವುದು ಸಾಧ್ಯವಿಲ್ಲ, ಕೇಳಲೂ ಬಾರದು. ಹಾಸನದಿಂದ ಆಚೆ, ಪುತ್ತೂರಿನಿಂದ ಈಚೆ ಎಷ್ಟು ಸಮಯ ಉಳಿಸಬಹುದು ಅಂತ ನೋಡಬೇಕು.

ಸಕಲೇಶಪುರ ಮಳೆ

ಮೇಷ್ಟ್ರು ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 2024ರ ಜುಲೈ ಕೊನೆಯಲ್ಲಿ ಕಡಗರವಳ್ಳಿ–ಎಡಕುಮೇರಿ ನಡುವೆ ಹಳಿಯ ಕೆಳಗಿನ ಮಣ್ಣು ಜಾರಿ ಹತ್ತಿರ ಹತ್ತಿರ ಎರಡು ವಾರ ರೈಲು ನಿಂತಿತ್ತು. ಆ ಮಳೆಯಲ್ಲಿ, ರಸ್ತೆ ಸಂಪರ್ಕವೇ ಸರಿಯಾಗಿ ಇಲ್ಲದ ಕಾಡಿನಲ್ಲಿ, ಹಗಲು ರಾತ್ರಿ ಕಲ್ಲು ಮರಳು ಚೀಲ ಇಟ್ಟು ಸರಿ ಮಾಡಿದವರನ್ನು ನೆನೆಯಬೇಕು. ಅದೇ ಸಮಯದಲ್ಲಿ ಶಿರಾಡಿ ರಸ್ತೆಯಲ್ಲೂ ಗುಡ್ಡ ಕುಸಿಯುತ್ತಿತ್ತು. ಎರಡೂ ಒಟ್ಟಿಗೆ ಬಂದ್ ಆದರೆ ಕರಾವಳಿಗೆ ಚಾರ್ಮಾಡಿ, ಸಂಪಾಜೆ ಸುತ್ತಿಕೊಂಡು ಹೋಗಬೇಕು.

ಕೈಯಲ್ಲಿ ಕ್ಯಾಮೆರಾ

ನಿಧಾನ ಅಂತ ಬೈಯುವವರು ಮಳೆಗಾಲದಲ್ಲಿ ಹಗಲು ರೈಲಿನಲ್ಲಿ ಒಮ್ಮೆ ಬನ್ನಿ. 2021ರ ಜುಲೈಯಿಂದ ದೊಡ್ಡ ಗಾಜಿನ ಕಿಟಕಿಯ ವಿಸ್ಟಾಡೋಮ್ ಬೋಗಿಯೂ ಉಂಟು. ಎಡಕುಮೇರಿಯಲ್ಲಿ ಗಾಜಿನಾಚೆ ಮಂಜು, ನೀರು, ಹಸಿರು. ನಾನಂತೂ ಅದಕ್ಕೋಸ್ಕರವೇ ಹೋಗುತ್ತೇನೆ.

ವೆನ್ಲಾಕ್ ಪಕ್ಕ

ಚಂದ ನೋಡಲು ಹೋಗುವವರಿಗೆ ಸರಿ. ದುಡಿಯಲು ಹೋಗುವವರ ಮಾತು ಇಲ್ಲಿ ನಡೆಯುತ್ತಿರುವುದು.

ಕುಂದಾಪುರದಿಂದ

ಬೆಂಗಳೂರಿನ ವಿಷಯದಲ್ಲಿ ನಮಗೆ ಒಳ್ಳೆಯದಾದದ್ದು ಪಂಚಗಂಗಾ ರೈಲು. 2020ರ ಮಾರ್ಚಿನಲ್ಲಿ ಶುರುವಾಯಿತು. ಪಡೀಲ್ ಬೈಪಾಸಿನಲ್ಲಿ ನೇರ ಸುರತ್ಕಲ್ ಕಡೆ ಬರುತ್ತದೆ, ಮಂಗಳೂರಿನ ಒಳಗೆ ಹೋಗಿ ಕಾಯುವ ಕೆಲಸ ಇಲ್ಲ. ರಾತ್ರಿ ಹತ್ತಿದರೆ ಬೆಳಿಗ್ಗೆ ಮನೆ. ಮಂಗಳೂರಿನವರಿಗೆ ಬೇಜಾರಾಗಬಹುದು, ಆದರೆ ಉಡುಪಿ, ಕುಂದಾಪುರ, ಭಟ್ಕಳದವರು ಇದಕ್ಕಾಗಿ ತುಂಬಾ ಓಡಾಡಿದ್ದಾರೆ.

ಪಡೀಲ್ ನಿವಾಸಿ

ಬೇಜಾರು ಎಂತದ್ದೂ ಇಲ್ಲ. ಆದರೆ ಚರ್ಚೆ ಘಾಟಿ ಹತ್ತಿತು, ಕುಂದಾಪುರಕ್ಕೂ ಹೋಯಿತು. ನಾನು ಕೇಳಿದ ಬಸ್ಸು ಇನ್ನೂ ಬಂದಿಲ್ಲ. ಸರ್ಕಾರಿ ಬಸ್ಸೇ ಆ ಕೆಲಸ ಮಾಡಬಹುದಲ್ಲ? ಅವರಿಗೆ ಕಲೆಕ್ಷನ್ ಓಟ ಇಲ್ಲ.

ಸುರತ್ಕಲ್ ಶೆಡ್

ಕೇಂದ್ರದ ನರ್ಮ್ ಯೋಜನೆಯ ಸರ್ಕಾರಿ ಸಿಟಿ ಬಸ್ಸು ಬಂದಾಗ ಅದೇ ಆಸೆ ಇತ್ತು. ಕೆಲವು ರೂಟಿನಲ್ಲಿ ಓಡಿದವು. ಪರ್ಮಿಟ್ ವಿಷಯದಲ್ಲಿ ಖಾಸಗಿಯವರು ತಕರಾರು ತೆಗೆದರು, ಕೋರ್ಟಿಗೆ ಹೋಯಿತು. ಈಗ ಎಷ್ಟು ಬಸ್ಸು ಕಣ್ಣಿಗೆ ಬೀಳುತ್ತದೆ ಅಂತ ನೀವೇ ನೋಡಿ.

ಪುತ್ತೂರು ಪ್ಯಾಸೆಂಜರ್

ಶಕ್ತಿ ಯೋಜನೆಯ ವಿಷಯದಲ್ಲೂ ಇದೇ ಪಂಚಾಯಿತಿ. 2023ರ ಜೂನ್ 11ರಿಂದ ಸರ್ಕಾರಿ ಸಾಮಾನ್ಯ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಇಲ್ಲ. ಪುತ್ತೂರು, ಸುಳ್ಯದ ಕಡೆ ಕೆಎಸ್‌ಆರ್‌ಟಿಸಿ ಜಾಸ್ತಿ, ಹಾಗಾಗಿ ನನ್ನ ತಂಗಿ ಪುತ್ತೂರಿನಿಂದ ಮಂಗಳೂರಿಗೆ ದುಡ್ಡಿಲ್ಲದೆ ಬರುತ್ತಾಳೆ. ಮಂಗಳೂರಿನಲ್ಲಿ ಇಳಿದು ಕಾಲೇಜಿಗೆ ಹೋಗಲು ಸಿಟಿ ಬಸ್ಸಿಗೆ ದುಡ್ಡು ಕೊಡಬೇಕು. ಬೆಂಗಳೂರು, ಮೈಸೂರಿನ ಹೆಂಗಸರಿಗೆ ಊರೊಳಗೂ ಸಿಗುವ ಸೌಲಭ್ಯ ನಮ್ಮವರಿಗೆ ಯಾಕೆ ಬೇಡ?

ಕುಡ್ಲ ಬಸ್ಸು

ಅದಕ್ಕೆ ಖಾಸಗಿ ಬಸ್ಸನ್ನು ಮುಚ್ಚಿಸಬೇಕಾಗಿಲ್ಲ. ಸರ್ಕಾರ ಆ ದುಡ್ಡನ್ನು ಖಾಸಗಿಯವರಿಗೂ ಕೊಡಲಿ. ಆಗ ಬಸ್ಸೂ ಉಳಿಯುತ್ತದೆ, ಹೆಂಗಸರಿಗೂ ಅನುಕೂಲ.

ಸುರತ್ಕಲ್ ಶೆಡ್

ಕೊಡುವುದಾದರೆ ಟ್ರಿಪ್ ಕಟ್ ಮಾಡುವುದಿಲ್ಲ ಅನ್ನುವ ಷರತ್ತು ಹಾಕಿ ಕೊಡಲಿ. ಬಸ್ಸು ಓಡಿದ್ದಕ್ಕೆ ಮಾತ್ರ ದುಡ್ಡು. ಚಲೋ ಆ್ಯಪ್‌ನಲ್ಲಿ ಬಸ್ಸು ಎಲ್ಲಿದೆ ಅಂತ ನಮಗೇ ಕಾಣುತ್ತದೆ ಅಂದ ಮೇಲೆ ಅಧಿಕಾರಿಗಳಿಗೆ ಕಾಣುವುದು ಕಷ್ಟ ಅಲ್ಲ.

ಉಪ್ಪಳದ ಹುಡುಗಿ

ಆ್ಯಪ್ ವಿಷಯ ಬಂತು, ಅದಕ್ಕೆ ಹೇಳುತ್ತೇನೆ. ರೈಲು ಎಲ್ಲಿದೆ ಅಂತ ಫೋನಿನಲ್ಲಿ ಗೊತ್ತಾಗುತ್ತದೆ. ಬಸ್ಸೂ ಗೊತ್ತಾಗುತ್ತದೆ. ಎರಡನ್ನೂ ಜೋಡಿಸಿ ನೋಡುವವರು ಒಬ್ಬರು ಬೇಕು.

ಅಳಿವೆ ಬಾಗಿಲು

ವಾಟರ್ ಮೆಟ್ರೋ ಬರುತ್ತದಂತಲ್ಲ? ನೇತ್ರಾವತಿ, ಫಲ್ಗುಣಿ ನದಿಯಲ್ಲಿ ಕೊಚ್ಚಿಯ ಹಾಗೆ ದೋಣಿ ಓಡಿಸುವ ಯೋಜನೆ. ಉಳ್ಳಾಲದವರಿಗೆ, ಬೆಂಗ್ರೆಯವರಿಗೆ ಅದು ಬಂದರೆ ತುಂಬಾ ಒಳ್ಳೆಯದು. ಬೆಂಗ್ರೆಯ ಜನ ಇಂದಿಗೂ ಬಂದರಿಗೆ ದೋಣಿಯಲ್ಲೇ ಬರುವುದು.

ನಿವೃತ್ತ ಮೇಷ್ಟ್ರು

ಬರಲಿ, ಒಳ್ಳೆಯದೇ. ಆದರೆ ಪಂಪ್‌ವೆಲ್‌ನ ಒಂದು ಮೇಲ್ಸೇತುವೆಗೆ ಈ ಊರು ಹತ್ತು ವರ್ಷ ಕಾದಿದೆ. 2020ರ ಜನವರಿಯಲ್ಲಿ ಅದು ತೆರೆದಾಗ ನನಗೆ ಮನಸ್ಸು ತುಂಬಿ ಬಂದಿತ್ತು. ಪಂಪ್‌ವೆಲ್‌ನಲ್ಲಿ ದೊಡ್ಡ ಬಸ್ ನಿಲ್ದಾಣ ಮಾಡುತ್ತೇವೆ ಅಂತಲೂ ಎಷ್ಟೋ ವರ್ಷದಿಂದ ಕೇಳುತ್ತಿದ್ದೇನೆ. ಅದು ಆಗಿದ್ದರೆ ಜಂಕ್ಷನ್‌ನಿಂದ ನಿಲ್ದಾಣಕ್ಕೆ ಎರಡು ಹೆಜ್ಜೆ. ಇವತ್ತಿನ ಈ ಚರ್ಚೆಯಲ್ಲಿ ಅರ್ಧ ಬೇಕಾಗುತ್ತಿರಲಿಲ್ಲ. ದೊಡ್ಡ ಯೋಜನೆ ಬರುವವರೆಗೆ ಕಾಯುತ್ತಾ ಕೂತರೆ ಸಣ್ಣ ಕೆಲಸವೂ ಆಗುವುದಿಲ್ಲ. ಪಡೀಲಿನವರು ಕೇಳಿದ್ದು ಒಂದು ಬಸ್ಸು. ಅದನ್ನು ಮೊದಲು ಕೇಳೋಣ.

ಹಳಿ ಪಕ್ಕದ ಮನೆ

ಮೇಷ್ಟ್ರ ಮಾತಿಗೆ ನನ್ನದೂ ಒಪ್ಪಿಗೆ. ಕೇಳುವಾಗ "ಬಸ್ಸು ಬೇಕು" ಅಂತ ಒಂದು ಸಾಲು ಬರೆದರೆ ಫೈಲಿನಲ್ಲೇ ಉಳಿಯುತ್ತದೆ. ಯಾವ ಹೊತ್ತಿಗೆ ಬೇಕು ಅಂತ ಬರೆಯಬೇಕು. ಬೆಳಗಿನ ಜಾವ ಬರುವ ರೈಲುಗಳಿಗೆ ಒಂದು, ಬೆಳಿಗ್ಗೆ ಕಾಲೇಜು–ಆಫೀಸಿನ ಹೊತ್ತಿಗೆ ಒಂದು, ರಾತ್ರಿ ಗೋವಾ ವಂದೇ ಭಾರತ್ ಸೆಂಟ್ರಲ್‌ಗೆ ಬರುವಾಗ ಒಂದು. ಆ ರೈಲು ಬರುವಷ್ಟರಲ್ಲಿ ಹತ್ತೂವರೆ ದಾಟಿರುತ್ತದೆ, ಆಗ ಸಿಟಿ ಬಸ್ಸು ಒಂದೂ ಇರುವುದಿಲ್ಲ. ಮಳೆಗಾಲದಲ್ಲಿ ಕೊಂಕಣ ರೈಲ್ವೆಯ ಸಮಯ ಬೇರೆ ಇರುತ್ತದೆ, ಅದನ್ನೂ ಸೇರಿಸಿ.

ಕುಡ್ಲ ಬಸ್ಸು

ಅರ್ಜಿ ಸಾರಿಗೆ ಪ್ರಾಧಿಕಾರಕ್ಕೆ ಹೋಗಬೇಕು, ಒಂದು ಪ್ರತಿ ಕೆಎಸ್‌ಆರ್‌ಟಿಸಿ ಮಂಗಳೂರು ವಿಭಾಗಕ್ಕೆ, ಒಂದು ಪಾಲಕ್ಕಾಡ್ ವಿಭಾಗಕ್ಕೆ. ಸ್ಟೇಷನ್ ಅಂಗಳದಲ್ಲಿ ಬಸ್ಸು ತಿರುಗಿಸಿ ನಿಲ್ಲಿಸಲು ಜಾಗ ಕೊಡಬೇಕಾದವರು ರೈಲ್ವೆಯವರು. ಜಂಕ್ಷನ್ ಹೇಗೂ ಸ್ಟೇಷನ್ ಸುಧಾರಣೆಯ ಅಮೃತ್ ಭಾರತ್ ಯೋಜನೆಯಲ್ಲಿ ಉಂಟು. ಅಲ್ಲಿ ಕೆಲಸ ನಡೆಯುವಾಗಲೇ ಬಸ್ಸಿನ ಜಾಗ ಗುರುತು ಮಾಡಿಸಿಕೊಳ್ಳಬೇಕು. ಕಾಂಕ್ರೀಟ್ ಹಾಕಿದ ಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ಪಡೀಲ್ ನಿವಾಸಿ

ಇದು ನನಗೆ ಬೇಕಾದ ಉತ್ತರ. ಅರ್ಜಿ ನಾನು ಬರೆಯುತ್ತೇನೆ. ರೂಟು ಹೀಗೆ ಹಾಕಲಾ: ಜಂಕ್ಷನ್, ಪಡೀಲ್, ನಂತೂರು, ಕದ್ರಿ, ಬಿಜೈ, ಅಲ್ಲಿಂದ ಸ್ಟೇಟ್ ಬ್ಯಾಂಕ್, ಕೊನೆಗೆ ಸೆಂಟ್ರಲ್?

ವೆನ್ಲಾಕ್ ಪಕ್ಕ

ಬೇಡ ಬೇಡ. ಕಂಕನಾಡಿ ಮೇಲೆ ತನ್ನಿ. ಆಸ್ಪತ್ರೆಗಳು ಇರುವುದು ಆ ಕಡೆ. ಜಂಕ್ಷನ್, ಪಂಪ್‌ವೆಲ್, ಕಂಕನಾಡಿ, ಸೆಂಟ್ರಲ್, ಸ್ಟೇಟ್ ಬ್ಯಾಂಕ್, ಆಮೇಲೆ ಬಿಜೈ.

ಸುರತ್ಕಲ್ ಶೆಡ್

ನಾನೂ ಅದನ್ನೇ ಹೇಳುತ್ತೇನೆ. ನಂತೂರು ಸರ್ಕಲ್ಲಿನಲ್ಲಿ ಸಂಜೆ ಸಿಕ್ಕಿಹಾಕಿಕೊಂಡರೆ ರೈಲು ತಪ್ಪಿದಂತೆಯೇ. ಅಲ್ಲಿ ಮೇಲ್ಸೇತುವೆ ಮುಗಿಯುವವರೆಗೆ ಆ ಕಡೆ ತಲೆ ಹಾಕಬೇಡಿ.

ಪುತ್ತೂರು ಪ್ಯಾಸೆಂಜರ್

ಪಂಪ್‌ವೆಲ್ ಕಡೆಯಾದರೆ ಜೋರು ಮಳೆಗೆ ಸೇತುವೆ ಕೆಳಗೆ ನೀರು ನಿಲ್ಲುತ್ತದಲ್ಲ?

ಸುರತ್ಕಲ್ ಶೆಡ್

ಅದು ವರ್ಷಕ್ಕೆ ಕೆಲವು ದಿನ. ನಂತೂರು ದಿನಾ ಸಂಜೆ.

ಪಡೀಲ್ ನಿವಾಸಿ

ಸರಿ, ಕಂಕನಾಡಿ ಮೇಲೆಯೇ ಬರೆಯುತ್ತೇನೆ. ನೀವು ಯಾವ ರೈಲಿನಲ್ಲಿ ಬರುತ್ತೀರಿ, ಎಷ್ಟು ಹೊತ್ತಿಗೆ ಇಳಿಯುತ್ತೀರಿ, ಅಲ್ಲಿಂದ ಎಲ್ಲಿಗೆ ಹೋಗಬೇಕು, ಈ ಮೂರನ್ನು ಇಲ್ಲೇ ಕೆಳಗೆ ಬರೆಯಿರಿ. ಉಪ್ಪಳದ ಅಕ್ಕ, ನಿಮ್ಮ ಜೊತೆ ಸೀಸನ್ ಟಿಕೆಟಿನಲ್ಲಿ ಬರುವವರ ಹತ್ತಿರವೂ ಕೇಳಿ ಹೇಳುತ್ತೀರಾ?

ಉಪ್ಪಳದ ಹುಡುಗಿ

ಕೇಳುತ್ತೇನೆ. ನಾಳೆ ಬೆಳಗ್ಗಿನ ರೈಲಿನಲ್ಲೇ ಶುರು ಮಾಡುತ್ತೇನೆ. ನನ್ನದು ಮೊದಲು ಬರೆದುಕೊಳ್ಳಿ: ಉಪ್ಪಳದಿಂದ ಸೆಂಟ್ರಲ್‌ಗೆ, ಒಂಬತ್ತರ ಒಳಗೆ, ಅಲ್ಲಿಂದ ಬಿಜೈಗೆ.